ತಲೆಯ ಮೇಲಿಟ್ಟ ರಾಜಾಜ್ಞೆ

ಮಿಸ್ಕೆ
೩ ಫೆಬ್ರವರಿ ೧೭೯೪

ಚುಕಿಸಾಕದ ಹಿರಿಯ ನ್ಯಾಯಾಧೀಶರಾದ ದೋನ್ ಹಸಿಂತೊ ಅರಾನಿಬಾರ್ ಅವರಿಗೆ,

ಆರು ವರ್ಷಗಳಿಂದ ತಮಗೆ ಒಂದಕ್ಷರ ಬರೆದವನಲ್ಲ. ಈಗ ಬರೆಯುತ್ತಿರುವುದೂ ನನಗಾಗಿ ಅಲ್ಲ.

ವಿಷಯಕ್ಕೆ ಮುಂಚೆ ಹಳೆಯದೊಂದನ್ನು ಹೇಳಿ ಮುಗಿಸುತ್ತೇನೆ, ಇಲ್ಲದಿದ್ದರೆ ಅದು ಪ್ರತಿ ಸಾಲಿನಲ್ಲೂ ತಲೆಹಾಕುತ್ತದೆ. ನನ್ನ ಹೆಂಡತಿ ರೊಸಾವುರಾಳ ಶವವನ್ನು ಹೊತ್ತುಕೊಂಡು ನಾವು ತಮ್ಮ ಬೀದಿಯಲ್ಲೇ ಹೋದೆವು. ತಮ್ಮ ಕಿಟಕಿ ಮುಚ್ಚಿತ್ತು. ನ್ಯಾಯಾಧೀಶನಾದವನು ತನ್ನ ಸೀಮೆಯಲ್ಲಿ ಯಾರ ಮದುವೆಗೂ ಹೋಗಬಾರದು, ಯಾರ ಮಣ್ಣಿಗೂ ಹೋಗಬಾರದು ಎಂಬ ಕಾನೂನು ನನಗೂ ಗೊತ್ತು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಅದನ್ನು ಬಾಯಿಪಾಠ ಮಾಡಿದವರು. ಆದರೆ ಕಿಟಕಿ ತೆರೆಯಬಾರದು ಎಂದು ಯಾವ ಸಂಪುಟದ ಯಾವ ಪುಟದಲ್ಲಿದೆ, ದಯವಿಟ್ಟು ತಿಳಿಸಿ. ಆ ತಿಂಗಳೇ ಊರು ಬಿಟ್ಟು ಈ ಚಳಿಜ್ವರದ ಮಿಸ್ಕೆಗೆ ಬಂದು ವಕೀಲಿ ಮಾಡಿಕೊಂಡಿದ್ದೇನೆ.

ಇಲ್ಲಿಂದ ಒಂದು ದಿನದ ದಾರಿಯಲ್ಲಿ ಮೋಯೆಪಾಂಪ ಎಂಬ ಊರಿದೆ. ಮುಸುಕಿನ ಜೋಳ ಬೆಳೆದು ಬದುಕುವ, ಈ ನೆಲದ ಮೂಲದವರಾದ ಕೆಚುವಾ ಜನರ ಊರು. ಅಜ್ಜಂದಿರ ಕಾಲದ ಸಿಡುಬಿನಲ್ಲಿ ಅರ್ಧ ಊರು ಖಾಲಿಯಾದ ಮೇಲೆ, ಪೊತೋಸಿಯ ಬೆಳ್ಳಿ ಗಣಿಗೆ ಸರದಿಯ ಮೇಲೆ ಆಳು ಕಳಿಸುವ ಬಲವಂತದಿಂದ ಅವರನ್ನು ಬಿಟ್ಟಿದ್ದರು. ಈಗ ಗಣಿ ಯಜಮಾನರು ಸಮುದ್ರದಾಚೆ ಮದ್ರಿದಿನ ಅರಮನೆಯಲ್ಲಿ ಯಾರ ಕಿವಿ ಊದಿದರೋ, ಮೋಯೆಪಾಂಪದಿಂದ ಮೂವತ್ತೆಂಟು ಗಂಡಸರು ಹೋಗಬೇಕೆಂದು ರಾಜಾಜ್ಞೆ ಹೊರಟಿದೆಯಂತೆ. ಕಾಗದಕ್ಕಿಂತ ಮುಂಚೆ ಸುದ್ದಿ ಬಂತು. ಹೆಸರು ಬಿದ್ದ ಮೂವತ್ತೆಂಟೂ ಜನ ಪೂರ್ವದ ಕಾಡು ಸೇರಿದ್ದಾರೆ. ಗಣಿಯಿಂದ ಬಂದವರ ಕೆಮ್ಮು ಎಂಥದೆಂದು ಅವರ ಅಜ್ಜಿಯರು ಇನ್ನೂ ಮಾಡಿ ತೋರಿಸುತ್ತಾರೆ.

ಊರ ಮುಖ್ಯಸ್ಥ ಬೆನಿತೊ ಕೋಲ್ಕೆ ಮೊನ್ನೆ ನನ್ನ ಅಂಗಳದಲ್ಲಿ ಕೂತು ಕೋಕಾ ಎಲೆ ಅಗಿಯುತ್ತ ಕೇಳಿದ.

"ಬೆಳೆ ನಿಂತದೆ ಯಜಮಾನ್ರೆ, ಕೊಯ್ಯೋ ಕೈಯೆಲ್ಲ ಕಾಡಲ್ಲಿವೆ. ಚುಕಿಸಾಕದ ಆ ದೊಡ್ಡ ಮನುಷ್ಯ ನಿಮಗೆ ಗೆಳೆಯ ಅಂತಾರಲ್ಲ, ಹೌದಾ?"

"ಆಗಿದ್ದ" ಅಂದೆ.

"ಆಗಿದ್ದೋನು ಇನ್ನೊಂದ್ಸಲನೂ ಆಗ್ಬೋದು. ಬರ್ದು ನೋಡ್ರಿ."

ಅದಕ್ಕೇ ಬರೆದೆ. ಕೇಳುತ್ತಿರುವುದು ಹೊಸದೇನಲ್ಲ. ಆ ಕಾಗದವನ್ನು ತಾವು ಎರಡು ಕೈಯಲ್ಲಿ ಎತ್ತಿ ಮುತ್ತಿಡಬೇಕು, ತಲೆಯ ಮೇಲಿಟ್ಟುಕೊಳ್ಳಬೇಕು, "ರಾಜಾಜ್ಞೆಗೆ ತಲೆಬಾಗುತ್ತೇನೆ, ಆದರೆ ಜಾರಿ ಮಾಡುವುದಿಲ್ಲ" ಎನ್ನಬೇಕು. ದೂರದ ದೊರೆಗೆ ಯಾರೋ ತಪ್ಪು ಹೇಳಿಕೊಟ್ಟಿದ್ದಾರೆ, ಇನ್ನೊಮ್ಮೆ ಯೋಚಿಸಲಿ ಎಂದು ಗೌರವದಿಂದ ಹಿಂದಕ್ಕೆ ಕಳಿಸುವ ಈ ಕ್ರಮ ನಮ್ಮಲ್ಲಿ ಇನ್ನೂರೈವತ್ತು ವರ್ಷಗಳಿಂದ ನಡೆದುಬಂದಿದೆ. ಮಿಸ್ಕೆಯ ಹೇಸರಗತ್ತೆ ಹೊಡೆಯುವವನಿಗೂ ಇದು ಗೊತ್ತು. ನೀರು ತಾ ಎಂದು ಹೆಂಡತಿ ಬಿಂದಿಗೆ ಕೊಟ್ಟರೆ ಅದನ್ನು ತಲೆಯ ಮೇಲಿಟ್ಟುಕೊಂಡು "ತಲೆಬಾಗ್ತೀನಿ" ಎಂದು ಮತ್ತೆ ಮಲಗುತ್ತಾನೆ. ಉಳಿದರ್ಧವನ್ನು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ.

ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಗಣಿಯ ಬಿಟ್ಟಿ ದುಡಿಮೆ ದೇವರ ಕಾನೂನಿಗೇ ವಿರೋಧ ಎಂದು ತುಂಬಿದ ಸಭೆಯಲ್ಲಿ ವಾದಿಸಿದ್ದ ಒಬ್ಬನನ್ನು ನಾನು ಬಲ್ಲೆ. ಅವನು ಇನ್ನೂ ಆ ಮನೆಯಲ್ಲಿದ್ದರೆ ಈ ಪತ್ರ ಅವನ ಕೈಗೆ ಕೊಡಿ.

ತಮ್ಮ ಒಂದು ಕಾಲದ ಸಹಪಾಠಿ,
ಲಿಯಾಂದ್ರೊ ಕಾನ್ಸೆಕೊ


ಚುಕಿಸಾಕ
೨೪ ಫೆಬ್ರವರಿ ೧೭೯೪

ಲಿಯಾಂದ್ರೊ,

"ತಾವು" ಎನ್ನಬೇಡ. ನಿನ್ನ ಕೈಬರಹದಲ್ಲಿ ಆ ಪದ ಬೈಗುಳದಂತೆ ಕಾಣುತ್ತದೆ.

ಕಿಟಕಿ ಮುಚ್ಚಿದ್ದು ನಿಜ. ಅದರ ಹಿಂದೆ ನಾನು ನಿಂತಿದ್ದೆ, ಅದೂ ನಿಜ. ಎರಡನೆಯದು ನಿನಗೆ ಯಾವ ಉಪಯೋಗಕ್ಕೂ ಬರಲಿಲ್ಲವೆಂದು ಬಲ್ಲೆ.

ಆ ಆಜ್ಞೆಯನ್ನು ಮಾರ್ಚ್ ಇಪ್ಪತ್ತರಂದು ಸಭೆಯಲ್ಲಿ ಓದುತ್ತೇವೆ. ಬೇಕಿದ್ದರೆ ಬಾ. ಹಿಂದೆ, ಬಾಗಿಲ ಬಳಿ ನಿಲ್ಲು. ನನಗೆ ನಮಸ್ಕರಿಸಬೇಡ, ನನ್ನಿಂದ ನಿರೀಕ್ಷಿಸಲೂ ಬೇಡ. ನಾನು ಮಾತು ಕೊಡುವಂತಿಲ್ಲ. ವಿಚಾರಣೆಗೆ ಮುಂಚೆ ಮಾತು ಕೊಟ್ಟ ನ್ಯಾಯಾಧೀಶನಿಗೆ ಏನಾಗಬೇಕೆಂದು ನಿನಗೇ ಗೊತ್ತು.

ಒಂದು ಮಾತ್ರ ಹೇಳುತ್ತೇನೆ. ಪ್ಯಾರಿಸಿನಲ್ಲಿ ಅವರ ದೊರೆಯ ತಲೆ ಕಡಿದ ಸುದ್ದಿ ಬಂದ ಮೇಲೆ ಈ ಊರು ಬದಲಾಗಿದೆ. ನಿನ್ನೆ ನನ್ನ ಕ್ಷೌರಿಕ, "ಸಾಹೇಬ್ರೆ, ಕತ್ತು ಅಲ್ಲಾಡಿಸ್ಬೇಡಿ. ಈ ವರ್ಷ ಕತ್ತುಗಳ ಗ್ರಹಚಾರ ನೆಟ್ಟಗಿಲ್ಲ" ಅಂದ. ನಾನು ನಕ್ಕೆ. ಪಕ್ಕದಲ್ಲಿದ್ದ ನನ್ನ ಸಹೋದ್ಯೋಗಿ ನಗಲಿಲ್ಲ. ನಾನು ಎಷ್ಟು ಹೊತ್ತು ನಕ್ಕೆನೆಂದು ಗಮನಿಸಿದ. ನೀನು ಹೇಳುವ ಆ ಹಳೆಯ ಕ್ರಮ, ದೊರೆ ಗಟ್ಟಿಯಾಗಿ ಕೂತಿದ್ದಾಗ ವಿನಯ ಅನ್ನಿಸಿಕೊಳ್ಳುತ್ತದೆ. ಈಗ ಅದನ್ನು ಏನೆನ್ನುತ್ತಾರೋ ತಿಳಿಯದು.

ಇದನ್ನು ಓದಿ ಸುಟ್ಟುಬಿಡು.

ಹಸಿಂತೊ


ಚುಕಿಸಾಕ, ಸಾನ್ ರೋಕೆ ಛತ್ರ
೨೦ ಮಾರ್ಚ್ ೧೭೯೪

ಹಸಿಂತೊ, ಗೆಳೆಯಾ,

ನಿನ್ನ ಬಾಗಿಲಿಗೆ ಬರುವಂತಿಲ್ಲವಾದ್ದರಿಂದ ಇಲ್ಲೇ, ಛತ್ರದ ಮೇಜಿನ ಮೇಲೆ, ಅಡಿಗೆಯವಳ ಈರುಳ್ಳಿ ಸರಿಸಿ ಬರೆಯುತ್ತಿದ್ದೇನೆ.

ನ್ಯಾಯಾಧೀಶರು ಐವರೂ ಟೋಪಿ ತೆಗೆದು ಎದ್ದು ನಿಂತಿರಿ. ನೀನು ಕಾಗದವನ್ನು ಎತ್ತಿದೆ, ಮುತ್ತಿಟ್ಟೆ. ನನ್ನ ಪಕ್ಕದಲ್ಲಿದ್ದ ಮೇಣದಬತ್ತಿ ಮಾರುವವನು ಮೊಣಕೈಯಿಂದ ತಿವಿದು, "ನೋಡ್ರಿ, ತಲೆ ಮೇಲೆ ಹತ್ತಿಸ್ದ. ಇನ್ನದು ಸೀದಾ ಕಪಾಟಿಗೇ ಹೋಗೋದು" ಅಂದ. ಅಷ್ಟರಲ್ಲಿ ನಿನ್ನ ದನಿ ಕೇಳಿಸಿತು: "ರಾಜಾಜ್ಞೆಗೆ ತಲೆಬಾಗುತ್ತೇನೆ." ಅದೇ ದನಿ, ಇಪ್ಪತ್ತನಾಲ್ಕರ ದನಿ. ನನಗೆ ಕಣ್ಣು ಮಂಜಾಯಿತು. ಈ ವಯಸ್ಸಿನಲ್ಲಿ ಜನರ ನಡುವೆ ಅಳುವುದು ಬೇಡವೆಂದು ಹೊರಗೆ ಬಂದುಬಿಟ್ಟೆ. ಉಳಿದ ಮಾತು ಕೇಳಲು ನಿಲ್ಲಲಿಲ್ಲ. ಅದನ್ನು ನಿಂತು ಕೇಳಬೇಕೇನು?

ಮೆಟ್ಟಿಲ ಬಳಿ ಕೋಲ್ಕೆಯ ಅಳಿಯ ಮಾನುವೆಲ್ ಕಾಯುತ್ತಿದ್ದ. ಅವನಂಥ ಓಟಗಾರ ಈ ಸೀಮೆಯಲ್ಲೇ ಇಲ್ಲ. "ಕಾಡಿಗೆ ಹೋಗು. ಆಜ್ಞೆ ನಿಂತಿತು, ಊರಿಗೆ ಬಂದು ಬೆಳೆ ಕೊಯ್ಯಿರಿ ಅಂತ ಹೇಳು" ಅಂದೆ. "ಯಾರು ಹೇಳಿದ್ರು ಅಂತ ಕೇಳಿದ್ರೆ?" ಅಂದ. "ದೊಡ್ಡ ನ್ಯಾಯಾಧೀಶರೇ ಹೇಳಿದರು ಅನ್ನು" ಅಂದೆ. ನನ್ನ ಮಾತು ಮುಗಿಯುವ ಮೊದಲೇ ಅವನು ಬೀದಿ ತಿರುವಿನಲ್ಲಿದ್ದ.

ಆ ಕಿಟಕಿಯ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ರೊಸಾವುರಾ ಇದ್ದಿದ್ದರೆ ಎಂದೋ ತೆಗೆದುಕೊಳ್ಳಲು ಹೇಳುತ್ತಿದ್ದಳು. ನಾಳೆ ಬೆಳಿಗ್ಗೆ ಮಿಸ್ಕೆಗೆ ಹೊರಡುತ್ತೇನೆ.

ನಿನ್ನ ಲಿಯಾಂದ್ರೊ


ಚುಕಿಸಾಕ
೨೧ ಮಾರ್ಚ್ ೧೭೯೪

ಲಿಯಾಂದ್ರೊ,

ನಿನ್ನ ಪತ್ರ ಈಗ ಮಧ್ಯಾಹ್ನ ಬಂತು. ಛತ್ರಕ್ಕೆ ಆಳು ಕಳಿಸಿದೆ, ನೀನು ಹೊರಟುಹೋಗಿದ್ದೆ. ಅದಕ್ಕೇ ಇದನ್ನು ಕುದುರೆಯವನ ಕೈಯಲ್ಲಿ ಹಿಂದೆಯೇ ಓಡಿಸುತ್ತಿದ್ದೇನೆ.

ಆ ಓಟಗಾರನನ್ನು ತಡೆ. ಹೇಗಾದರೂ ತಡೆ.

ಉಳಿದರ್ಧವನ್ನು ನಾನು ಹೇಳಲಿಲ್ಲ.

ನೀನು ಹೊರಗೆ ಹೋಗುವುದನ್ನು ಕಾಗದದ ಅಂಚಿನ ಕೆಳಗಿಂದ ನೋಡಿದೆ. ಪೀಠದ ಉಳಿದ ನಾಲ್ವರೂ ನನ್ನ ತುಟಿಗಳನ್ನೇ ನೋಡುತ್ತಿದ್ದರು. ಗುಮಾಸ್ತ ಲೇಖನಿ ಎತ್ತಿಕೊಂಡು, "ಜಾರಿಯ ವಿಚಾರ, ಸ್ವಾಮಿ?" ಎಂದು ಕೇಳಿದ. ಆ ವಾಕ್ಯ ಬಾಯಲ್ಲಿತ್ತು ಲಿಯಾಂದ್ರೊ, ಸುಳ್ಳು ಹೇಳುತ್ತಿಲ್ಲ. ನಾನು "ಜಾರಿಯಾಗಲಿ" ಅಂದೆ.

ಯಾಕೆಂದು ಕೇಳುತ್ತೀಯ. ರಾತ್ರಿಯಿಡೀ ಬೇರೆ ಬೇರೆ ಹೆಸರು ಹುಡುಕಿದೆ: ವಿವೇಕ, ಕಾಲಸ್ಥಿತಿ, ಬಹುಮತ. ಅದು ಬರೀ ಭಯ.

ನೀನು ಬಾಗಿಲಾಚೆಯೇ ನಿಂತಿರುತ್ತೀಯ, ಕೊನೆಯವರೆಗೆ ಕೇಳಿಸಿಕೊಳ್ಳುತ್ತೀಯ, ಅವರು ಕಾಡಿನಲ್ಲೇ ಉಳಿಯುವಂತೆ ಹೇಳಿ ಕಳಿಸುತ್ತೀಯ ಎಂದುಕೊಂಡಿದ್ದೆ. ನಾನು ಹೇಡಿಯಾದರೂ ಅವರು ಸಿಗಲಾರರು ಎಂದು ಲೆಕ್ಕ ಹಾಕಿದ್ದೆ.

ಹಸಿಂತೊ


ಮಿಸ್ಕೆ
೨ ಮೇ ೧೭೯೪

ದೋನ್ ಹಸಿಂತೊ ಅರಾನಿಬಾರ್ ಅವರಿಗೆ,

ನದಿ ಉಕ್ಕಿ ಹರಿಯುತ್ತಿತ್ತು. ನಾನು ದಾಟಿದ ಮರುದಿನವೇ ತೆಪ್ಪ ನಿಂತಿತು. ತಮ್ಮ ಕುದುರೆಯವನು ಆಚೆ ದಡದಲ್ಲಿ ಎರಡು ವಾರ ಕೂತಿದ್ದ. ಪತ್ರ ನನ್ನ ಕೈಗೆ ಬಂದದ್ದು ಏಪ್ರಿಲ್ ಹನ್ನೆರಡು, ಶನಿವಾರ. ಮರುದಿನ ಗರಿಗಳ ಭಾನುವಾರ, ಊರೆಲ್ಲ ಇಗರ್ಜಿಯಲ್ಲಿ ಸೇರುವ ಹಬ್ಬ. ಜ್ವರದಲ್ಲೇ ಹೇಸರಗತ್ತೆ ಹತ್ತಿದೆ.

ನಾನು ಮೋಯೆಪಾಂಪ ಮುಟ್ಟುವಾಗ ಪೂಜೆ ಮುಗಿದಿತ್ತು. ಮೂವತ್ತೆಂಟೂ ಜನ ಇಗರ್ಜಿಯ ಮುಂದೆ ಒಂದೇ ಹಗ್ಗದಲ್ಲಿ ಕೂತಿದ್ದರು. ಕೆಲವರ ಕೈಯಲ್ಲಿ ಆಗತಾನೆ ಪಾದ್ರಿ ಮಂತ್ರಿಸಿ ಕೊಟ್ಟ ತಾಳೆಗರಿ ಇತ್ತು. ಗುರುವಾರ ಊರಿಗೆ ಬಂದವರು, ಎರಡು ದಿನ ಕೊಯ್ಲು ಮಾಡಿದ್ದರು. ಹಗ್ಗದ ಮೊದಲನೆಯವನು ಮಾನುವೆಲ್. ಅವನ ಹೆಸರು ಪಟ್ಟಿಯಲ್ಲಿರಲಿಲ್ಲ. ಒಬ್ಬ ಮುದುಕನ ಬದಲಿಗೆ ಅವನನ್ನು ಹಾಕಿಕೊಂಡಿದ್ದರು. ಆಳು ಒಯ್ಯಲು ಬಂದಿದ್ದ ಕ್ಯಾಪ್ಟನ್ ನೆರಳಲ್ಲಿ ಕೂತು ಹುರಿದ ಗಿನಿ ಇಲಿ ತಿನ್ನುತ್ತಿದ್ದ. "ಬನ್ನಿ ವಕೀಲರೆ" ಅಂದ, "ನಾನು ಕಾಡು ಅಲೀಬೇಕಾಗತ್ತೆ ಅಂತ ಹೊಸ ಬೂಟು ಹೊಲಿಸ್ಕೊಂಡಿದ್ದೆ. ದಂಡವಾಯ್ತು. ತಾವಾಗೇ ಬಂದು ಕೂತಿದ್ರು."

ಕೋಲ್ಕೆ ನನ್ನ ಹತ್ತಿರ ಬಂದ. ಕೂಗಾಡಲಿಲ್ಲ.

"ಯಜಮಾನ್ರೆ, ಆ ದೊಡ್ಡೋರೇ ಹೇಳಿ ಕಳ್ಸಿದ್ದು ಅಂದ ಮಾನುವೆಲ್. ನಿಜಾನಾ?"

ಅವನಿಗೆ ನಾನು ಏನು ಹೇಳಿದೆ ಗೊತ್ತೆ? "ಮೋಸ ಮಾಡಿದರು" ಅಂದೆ. ಮೋಸ ಮಾಡಿದ್ದು ಯಾರೆಂದು ಹೇಳಲಿಲ್ಲ. ಅವನು ತಲೆಯಾಡಿಸಿ ಹೆಂಗಸರ ಕಡೆಗೆ ಹೋಗಿ ಮೋಸಗಾರರೆಂದು ತಮ್ಮ ಹೆಸರು ಹೇಳಿದ.

ತಮಗೆ ಬರೆಯಲು ಬೇಕಾದಷ್ಟಿದೆ. ಪರೀಕ್ಷೆಯ ದಿನ ಆಡಿದ ಮಾತು, ನ್ಯಾಯಪೀಠ ಹತ್ತಿದ ದಿನ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದು, ಎಲ್ಲವೂ ನೆನಪಿದೆ; ನನ್ನ ರೋಗವೇ ಅದು. ಬಾಯಿ ತೆರೆದು ಅರ್ಧಕ್ಕೆ ಮುಚ್ಚುವವನಿಗೆ ನ್ಯಾಯಪೀಠ ಯಾಕೆ, ಮೂಕನೊಬ್ಬನನ್ನು ಕೂರಿಸಿದ್ದರೆ ನಾನು ಕೊನೆಯವರೆಗೂ ಕಾಯುತ್ತಿದ್ದೆ.

ಉತ್ತರ ಬೇಡ.

ಲಿ. ಕಾನ್ಸೆಕೊ


ಚುಕಿಸಾಕ
೧೧ ಸೆಪ್ಟೆಂಬರ್ ೧೭೯೫

ಲಿಯಾಂದ್ರೊ,

ಉತ್ತರ ಬೇಡವೆಂದಿದ್ದೆ. ಹದಿನಾರು ತಿಂಗಳು ಅದನ್ನು ಪಾಲಿಸಿದ್ದೇನೆ. ಇದು ಉತ್ತರವಲ್ಲ, ಒಂದು ಮೊಕದ್ದಮೆಯ ವಿಚಾರ.

ನನ್ನನ್ನು ಲಿಮಾದ ಮೇಲಿನ ಹುದ್ದೆಗೆ ಕರೆದಿದ್ದಾರೆ. ಪದ್ಧತಿಯಂತೆ, ಹೊರಡುವ ಮುಂಚೆ ಇಲ್ಲಿಯ ನನ್ನ ಅಧಿಕಾರದ ವಿಚಾರಣೆ ನಡೆಯಬೇಕು. ಹೊರಗಿನಿಂದ ಒಬ್ಬ ತನಿಖಾಧಿಕಾರಿ ಬಂದು ಕೂತಿದ್ದಾನೆ. ಅರವತ್ತು ದಿನ ಯಾರು ಬೇಕಾದರೂ ನನ್ನ ಮೇಲೆ ದೂರು ಕೊಡಬಹುದು. ಅಂಗಡಿಯವರು ಕೊಟ್ಟಿದ್ದಾರೆ, ನನ್ನ ಕ್ಷೌರಿಕನೂ ಕೊಟ್ಟಿದ್ದಾನೆ. ಅವನ ಜೋಕುಗಳಿಗೆ ನಾನು ನಗುವುದು ಬಿಟ್ಟೆನಂತೆ.

ಕಳೆದ ವಾರ ಬೆನಿತೊ ಕೋಲ್ಕೆ ಆರು ದಿನ ನಡೆದು ಬಂದು ಒಂದು ದೂರು ಹೇಳಿದ: ನಾನು ಸುಳ್ಳು ಅಭಯ ಕಳಿಸಿ ಅವರ ಗಂಡಸರನ್ನು ಕಾಡಿನಿಂದ ಕರೆಸಿ ಹಿಡಿಸಿದೆನೆಂದು. ಗುಮಾಸ್ತ ಬರೆದುಕೊಂಡು, "ಅಭಯ ತಂದವರು ಯಾರು?" ಎಂದ. ಅವನು ನಿನ್ನ ಹೆಸರು ಹೇಳಿದ. ಈಗ ನಿನ್ನ ಹೇಳಿಕೆ ಕೇಳಿ ಕಾಗದ ಬರುತ್ತದೆ.

ಕಾನೂನು ನಿನಗೂ ಗೊತ್ತು. ನ್ಯಾಯಾಧೀಶ ಕೊಟ್ಟ ಅಭಯ ದೊರೆಯ ಅಭಯ. ಅದನ್ನು ನಂಬಿ ಬಂದವರನ್ನು ಹಿಡಿಯುವಂತಿಲ್ಲ, ಹಿಡಿದಿದ್ದರೆ ಬಿಡಬೇಕು. ಒಬ್ಬ ವಕೀಲ ತಪ್ಪು ತಿಳಿದು ಹೇಳಿ ಕಳಿಸಿದ ಮಾತನ್ನು ನಂಬಿ ಬಂದವರು ಬರೀ ಸಿಕ್ಕಿಬಿದ್ದವರು. ಓಡಿಹೋಗಿದ್ದ ತಪ್ಪಿಗೆ ಅವರ ಒಂದು ವರ್ಷದ ಸರದಿಯನ್ನು ಮೂರು ಮಾಡಿದ್ದಾರೆಂದು ಕೋಲ್ಕೆ ಹೇಳಿದ. ಇನ್ನೂ ಹತ್ತೊಂಬತ್ತು ತಿಂಗಳಿದೆ.

ಅಭಯ ನಾನೇ ಕಳಿಸಿದ್ದೆಂದು ಬರೆದುಕೊಡು. ನಾನು ಅಲ್ಲಗಳೆಯುವುದಿಲ್ಲ. ಆರೋಪಿ ಅಲ್ಲಗಳೆಯದ ಆರೋಪಕ್ಕೆ ಬೇರೆ ಸಾಕ್ಷಿ ಕೇಳುವುದಿಲ್ಲ.

ಹಸಿಂತೊ


ಮಿಸ್ಕೆ
೫ ಅಕ್ಟೋಬರ್ ೧೭೯೫

ಹಸಿಂತೊ,

ನೀನು ಕೇಳುತ್ತಿರುವುದು ಶಿಲುಬೆ ಮುಟ್ಟಿ ಹೇಳುವ ಸುಳ್ಳು. ಮೂವತ್ತು ವರ್ಷ ಈ ದೇಶದ ಪ್ರತಿ ಸುಳ್ಳುಸಾಕ್ಷಿಯನ್ನೂ ಹೆಸರು ಹಿಡಿದು ಬೈದವನು ನಾನು. ಜನ ನನ್ನನ್ನು ಕಂಡರೆ ಬೀದಿ ಬದಲಿಸುವುದು ಅದಕ್ಕೇ.

ಸತ್ಯ ಹೇಳುತ್ತೇನೆ ಎಂದು ನಿರ್ಧರಿಸಿದ್ದೆ. ನಾನೇ ಅರ್ಧ ಕೇಳಿ ಹೊರಬಂದೆ, ನಾನೇ ಹೇಳಿ ಕಳಿಸಿದೆ, ಜೈಲಿಗೆ ಹಾಕಿ ಎಂದು ಬರೆದೂ ಇಟ್ಟಿದ್ದೆ. ಅದನ್ನು ಮೊದಲು ಕೋಲ್ಕೆಗೆ ಓದಿ ಹೇಳಬೇಕೆಂದು ಕರೆಸಿದೆ. ಅವನು ಕೂತವನೇ, ನಾನು ಕಾಗದ ಬಿಚ್ಚುವ ಮುಂಚೆ ಎಣಿಸತೊಡಗಿದ.

"ಒಂಬತ್ತು ಜನ ಹೋದ್ರು ಯಜಮಾನ್ರೆ. ಹೋದ ತಿಂಗ್ಳು ಮಾನುವೆಲ್. ನನ್ ಮಗಳಿಗೆ ಇನ್ನೂ ಹೇಳಿಲ್ಲ. ಬರೆಯೋದನ್ನ ಚೆನ್ನಾಗಿ ಬರೀರಿ. ಆ ಮನುಷ್ಯ ತಪ್ಪಿಸ್ಕೊಳ್ಬಾರ್ದು, ಹಂಗೆ ಬರೀರಿ."

ಮಡಿಸಿದ್ದ ಕಾಗದವನ್ನು ಹಾಗೆಯೇ ಮೊಣಕಾಲ ಕೆಳಗೆ ಇಟ್ಟುಕೊಂಡೆ.

ನನ್ನ ಸತ್ಯದಿಂದ ಯಾರೂ ಗಣಿಯಿಂದ ಹೊರಗೆ ಬರುವುದಿಲ್ಲ. ನಿನ್ನ ಸುಳ್ಳಿನಿಂದ ಇಪ್ಪತ್ತೊಂಬತ್ತು ಜನ ಬರುತ್ತಾರೆ. ಇದು ನನಗೆ ಲೆಕ್ಕದಂತೆ ಕಾಣುತ್ತದೆ, ನ್ಯಾಯದಂತೆ ಕಾಣುವುದಿಲ್ಲ. ನೀನು ಮಾಡದ ಮೋಸವನ್ನು ನಿನ್ನ ಮೇಲೆ ಹೊರಿಸಿ, ನಾನು ಮಾಡಿದ್ದನ್ನು ತೊಳೆದುಕೊಂಡಂತಾಗುತ್ತದೆ. ನಿನ್ನ ಹೇಡಿತನಕ್ಕೆ ನಿನಗೆ ಶಿಕ್ಷೆಯಾಗಲಿ ಎಂದು ಬಯಸಿದ್ದೆ, ಸುಳ್ಳೇಕೆ. ಇಂಥದನ್ನು ಬಯಸಿರಲಿಲ್ಲ.

ಅರವತ್ತು ದಿನದಲ್ಲಿ ಹದಿನೆಂಟು ಉಳಿದಿವೆ.

ಲಿಯಾಂದ್ರೊ


ಚುಕಿಸಾಕ
೧೨ ಅಕ್ಟೋಬರ್ ೧೭೯೫

ಲಿಯಾಂದ್ರೊ,

ನ್ಯಾಯದಂತೆ ಕಾಣುವುದಿಲ್ಲ, ಒಪ್ಪಿದೆ. ನ್ಯಾಯದಂತೆ ಕಾಣುವ ಕೆಲಸವನ್ನು ನಾನು ಮಾರ್ಚ್ ಇಪ್ಪತ್ತರಂದು ಮಾಡಿದ್ದೇನೆ. ಅದರಲ್ಲಿ ಒಂದು ಕಾನೂನೂ ಮುರಿದಿರಲಿಲ್ಲ.

ನೀನು ಮಾನುವೆಲನಿಗೆ "ನ್ಯಾಯಾಧೀಶರೇ ಹೇಳಿದರು" ಅಂದೆ. ನಾನು ಹೇಳಬೇಕಾಗಿದ್ದದ್ದನ್ನೇ ಹೇಳಿದ್ದೀಯ.

ಬರೆ. ಇನ್ನು ಈ ವಿಳಾಸಕ್ಕೆ ಪತ್ರ ಹಾಕಬೇಡ, ಓದುವ ಕಣ್ಣುಗಳು ಬೇರೆಯಿರುತ್ತವೆ.

ಹಸಿಂತೊ


ಮಿಸ್ಕೆ
೧೯ ಜೂನ್ ೧೭೯೬

ಹಸಿಂತೊ,

ನೀನು ಅರೆಕಿಪಾದಲ್ಲಿ ತಂಗಿಯ ಮನೆಯಲ್ಲಿದ್ದೀಯೆಂದು ಹೇಸರಗತ್ತೆ ಹೊಡೆಯುವ ಸಿಲ್ವೆರಿಯೊ ಹೇಳಿದ. ಹುದ್ದೆ ಹೋಯಿತು, ನಿಲುವಂಗಿ ಹೋಯಿತು, ನ್ಯಾಯಾಲಯದ ಸಮೀಪ ಬರಬಾರದೆಂದು ಜೀವಾವಧಿ ನಿಷೇಧ ಹಾಕಿದರಂತೆ. "ಮೀನು ಹಿಡೀತಾ ಕೂತಿರ್ತಾನೆ ಯಜಮಾನ್ರೆ, ಮೀನೂ ಅವನ್ನ ನಂಬಲ್ಲ" ಎಂದು ಅವನು ನಕ್ಕ. ನಾನೂ ನಗಬೇಕಾಯಿತು.

ಅವರು ಬಂದರು. ಬರುವ ಹೊತ್ತಿಗೆ ಇಪ್ಪತ್ತಾರು ಆಗಿದ್ದರು. ಮೂವರು ಬಿಡುಗಡೆಯ ಕಾಗದ ದಾರಿಯಲ್ಲಿರುವಾಗಲೇ ಹೋದರು. ಬಂದವರಲ್ಲಿಯೂ ಏಳೆಂಟು ಜನ ಆ ಕೆಮ್ಮು ತಂದಿದ್ದಾರೆ. ಅಜ್ಜಿಯರು ಅದನ್ನು ಮಾಡಿ ತೋರಿಸುವುದನ್ನು ನಿಲ್ಲಿಸಿದ್ದಾರೆ. ಮೋಸದಿಂದ ಆಳು ಹಿಡಿದ ಊರೆಂದು ಮುಂದಿನ ಸರದಿಯನ್ನೂ ತಡೆಹಿಡಿದಿದ್ದಾರೆ.

ಕಳೆದ ಭಾನುವಾರ ಮೋಯೆಪಾಂಪದಲ್ಲಿ ಅವರಿಗಾಗಿ ಪೂಜೆ ಇತ್ತು. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು, ಹೊಸ ಜೋಳದ ಹೆಂಡ ಚಿಚಾವನ್ನು ಮೊದಲು ನನ್ನ ಬಟ್ಟಲಿಗೆ ಹಾಕಿದರು. ನಿನ್ನನ್ನು ಕೆಳಗಿಳಿಸಿದ ವಕೀಲ ನಾನೇ ಅಲ್ಲವೆ. ಊಟದ ಮೇಲೆ ಕೋಲ್ಕೆಗೆ ಎಲ್ಲವನ್ನೂ ಹೇಳಿಬಿಡೋಣವೆಂದು ಎರಡು ಸಲ ಎದ್ದೆ. ಹೇಳಿದರೆ ನನ್ನ ಹೇಳಿಕೆ ಸುಳ್ಳಾಗುತ್ತದೆ, ಬಿಡುಗಡೆಯ ಕಾಗದ ಸುಳ್ಳಾಗುತ್ತದೆ, ಆ ಕ್ಯಾಪ್ಟನ್ ಮತ್ತೆ ಹಗ್ಗ ತರುತ್ತಾನೆ. ಎರಡು ಸಲವೂ ಕೂತೆ.

ಆಮೇಲೆ ಇಗರ್ಜಿಯ ಮುಂದೆ ಎಲ್ಲರೂ ನಿಂತರು. ಕೋಲ್ಕೆ ಬಂದವರ ಹೆಸರುಗಳನ್ನು ಕೂಗಿದ. ಸತ್ತವರ ಹೆಸರುಗಳನ್ನು ಕೂಗಿದ. ಕೊನೆಗೆ ನಿನ್ನ ಹೆಸರು ಕೂಗಿದ. ಪ್ರತಿಯೊಬ್ಬರೂ ಒಂದು ಹೆಜ್ಜೆ ಮುಂದೆ ಬಂದು ನೆಲಕ್ಕೆ ಉಗುಳಿದರು, ಮಕ್ಕಳು ಕೂಡ. ಇನ್ನು ಮುಂದೆ ವರ್ಷಾ ವರ್ಷಾ ಹೀಗೇ ಮಾಡುತ್ತಾರಂತೆ.

ಮಾನುವೆಲನ ಹೆಂಡತಿ ನನ್ನ ಪಕ್ಕದಲ್ಲಿದ್ದಳು.

"ನೀವೂ ಉಗುಳ್ರಿ ಯಜಮಾನ್ರೆ" ಅಂದಳು. "ನಿಮ್ಗೂ ತಾನೇ ಮೋಸ ಮಾಡಿದ್ದು."

ಊರೆಲ್ಲ ನನ್ನನ್ನೇ ನೋಡುತ್ತಿತ್ತು. ಹಸಿಂತೊ, ನಾನು ಉಗುಳಿದೆ.

ಲಿಯಾಂದ್ರೊ